ಪರ್ವತ ಗೊರಿಲ್ಲಾ ನೋಡಲು ಹೊರಡುವವರಿಗೆ: ಪರ್ಮಿಟ್‌ನಿಂದ ಲಾಡ್ಜ್‌ವರೆಗೆ ಸಮಗ್ರ ಮಾರ್ಗದರ್ಶಿ

ಗೊರಿಲ್ಲಾ ಚಾರಣದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿಕೊಂಡು ಬರಬೇಕು. ಮೊದಲು ಕಾಡಿಗೆ ಹೋಗುವ ದಿನಾಂಕ ಮತ್ತು ಗೇಟು, ಆಮೇಲೆ ಆ ಗೇಟಿನ ಹತ್ತಿರದ ಲಾಡ್ಜ್, ಕೊನೆಗೆ ವಿಮಾನದ ಟಿಕೆಟ್. ಬಹಳ ಜನ ಮಾಡುವುದು ಇದಕ್ಕೆ ತದ್ವಿರುದ್ಧ. ಅಗ್ಗದ ಟಿಕೆಟ್ ಸಿಕ್ಕಿತೆಂದು ಕೊಂಡುಬಿಡುತ್ತಾರೆ, ಫೋಟೋ ಚೆನ್ನಾಗಿದೆಯೆಂದು ಲಾಡ್ಜ್‌ಗೆ ಮುಂಗಡ ಕಟ್ಟುತ್ತಾರೆ, ಕೊನೆಗೆ ಪರ್ಮಿಟ್ ಕೇಳಿದಾಗ ಕಾಡಿನ ಇನ್ನೊಂದು ಮೂಲೆಯದ್ದು ಮಾತ್ರ ಉಳಿದಿರುತ್ತದೆ. ಲಾಡ್ಜ್‌ನಿಂದ ಆ ಗೇಟಿಗೆ ಮಣ್ಣಿನ ರಸ್ತೆಯಲ್ಲಿ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಎಂಟರೊಳಗೆ ಹಾಜರಿರದಿದ್ದರೆ ಪರ್ಮಿಟ್ ಹೋದಂತೆಯೇ. ಕೆಳಗಿನ ಹೆಜ್ಜೆಗಳ ಕ್ರಮಕ್ಕೆ ಇದೇ ಕಾರಣ.

ಮೊದಲ ಹೆಜ್ಜೆ: ಯಾವ ದೇಶ

ಪರ್ವತ ಗೊರಿಲ್ಲಾಗಳು ಪ್ರಪಂಚದಲ್ಲಿ ಉಳಿದಿರುವುದು ಎರಡೇ ಕಡೆ. ಒಂದು, ಉಗಾಂಡಾದ ನೈಋತ್ಯ ಮೂಲೆಯ ಬ್ವಿಂಡಿ ಕಾಡು. ಇನ್ನೊಂದು, ಉಗಾಂಡಾ, ರುವಾಂಡಾ, ಕಾಂಗೋ ಮೂರೂ ಕೂಡುವಲ್ಲಿರುವ ವಿರುಂಗಾ ಜ್ವಾಲಾಮುಖಿಗಳ ಸಾಲು. ವಿರುಂಗಾದ 2015–16ರ ಗಣತಿ ಮತ್ತು ಬ್ವಿಂಡಿಯ 2018ರ ಗಣತಿ ಎರಡನ್ನೂ ಕೂಡಿಸಿದರೆ ಸಿಕ್ಕ ಲೆಕ್ಕ 1,063. ಸಂಖ್ಯೆ ಏರುತ್ತಿರುವುದರಿಂದ 2018ರಲ್ಲಿ ಇವುಗಳನ್ನು ‘ತೀವ್ರ ಅಪಾಯ’ದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿ ‘ಅಪಾಯ’ದ ಪಟ್ಟಿಗೆ ಸೇರಿಸಿದರು. ಯಾವ ಮೃಗಾಲಯದಲ್ಲೂ ಪರ್ವತ ಗೊರಿಲ್ಲಾ ಇಲ್ಲ. ಅಲ್ಲಿ ಕಾಣುವುದು ಹೆಚ್ಚೂಕಡಿಮೆ ಎಲ್ಲವೂ ತಗ್ಗುಪ್ರದೇಶದ ಗೊರಿಲ್ಲಾಗಳು.

ಕಾಂಗೋವನ್ನು ಸದ್ಯಕ್ಕೆ ಪಟ್ಟಿಯಿಂದಲೇ ತೆಗೆದುಬಿಡಿ. ಪರ್ಮಿಟ್ ಅಗ್ಗ ಎಂದು ಯಾರಾದರೂ ಆಸೆ ತೋರಿಸಿದರೂ, 2025ರ ಜನವರಿಯಲ್ಲಿ ವಿರುಂಗಾ ಪಕ್ಕದ ಗೋಮಾ ನಗರವೇ ಬಂಡುಕೋರರ ಕೈಗೆ ಹೋಯಿತು. ಅಂಥ ಪ್ರದೇಶಕ್ಕೆ ವಿಮೆ ಕಂಪನಿಗಳು ರಕ್ಷಣೆ ಕೊಡುವುದಿಲ್ಲ.

ಉಳಿದದ್ದು ಉಗಾಂಡಾ ಮತ್ತು ರುವಾಂಡಾ. ವಿದೇಶಿಯರಿಗೆ ರುವಾಂಡಾದ ಪರ್ಮಿಟ್ 2017ರ ಮೇ ತಿಂಗಳಿಂದ 1,500 ಡಾಲರ್. ಉಗಾಂಡಾದಲ್ಲಿ 2024ರ ಜುಲೈನಿಂದ 800 ಡಾಲರ್. ಅಂದರೆ ಒಬ್ಬರಿಗೆ ಒಂದು ಗಂಟೆಯ ನೋಟಕ್ಕೆ ಎಪ್ಪತ್ತು ಸಾವಿರ ರೂಪಾಯಿ ಆಸುಪಾಸು, ಇಲ್ಲವೇ ಅದರ ಹತ್ತಿರ ಹತ್ತಿರ ಎರಡರಷ್ಟು. ಈ ಹೆಚ್ಚಿನ ಹಣಕ್ಕೆ ರುವಾಂಡಾದಲ್ಲಿ ಸಿಗುವುದು ಮುಖ್ಯವಾಗಿ ಸಮಯ. ಕಿಗಾಲಿ ವಿಮಾನ ನಿಲ್ದಾಣದಿಂದ ವಾಲ್ಕೆನೋಸ್ ರಾಷ್ಟ್ರೀಯ ಉದ್ಯಾನದ ಕಿನಿಗಿ ಕಚೇರಿಗೆ ಒಳ್ಳೆಯ ಡಾಂಬರು ರಸ್ತೆಯಲ್ಲಿ ಎರಡೂವರೆಯಿಂದ ಮೂರು ಗಂಟೆ ಸಾಕು. ಉಗಾಂಡಾದ ಎಂಟೆಬೆಯಿಂದ ಬ್ವಿಂಡಿಗೆ ಎಂಟರಿಂದ ಹತ್ತು ಗಂಟೆ, ಅದರಲ್ಲೂ ಕೊನೆಯ ಎರಡು ಗಂಟೆ ಸೊಂಟಕ್ಕೆ ಪರೀಕ್ಷೆ. ಕಾಡೂ ಬೇರೆ ಬೇರೆ ಬಗೆಯದು. ವಿರುಂಗಾದಲ್ಲಿ ಬಿದಿರು ಮೆಳೆಗಳು, ಮೇಲೆ ಹೋದಂತೆ ತೆರೆದ ಜಾಗ, ಬೆಳಕು ಚೆನ್ನಾಗಿರುತ್ತದೆ, ಫೋಟೋ ಸುಲಭ. ಬ್ವಿಂಡಿ ಹಳೆಯ ಮಳೆಕಾಡು. ಕತ್ತಲೆ, ಬಳ್ಳಿಗಳ ಹೆಣಿಗೆ, ಕಾಲಿಟ್ಟಲ್ಲಿ ನೆಲವಿದೆಯೋ ಇಲ್ಲವೋ ತಿಳಿಯದಷ್ಟು ಒತ್ತಾದ ಪೊದೆ.

ಭಾರತದಿಂದ ಹೋಗುವ ಹೆಚ್ಚಿನವರಿಗೆ ನಮ್ಮ ಸಲಹೆ ಉಗಾಂಡಾ. ಕೈಯಲ್ಲಿ ಮೂರೇ ದಿನ ಇರುವವರಿಗೆ, ಮೊಣಕಾಲು ನೋವಿನ ಹಿರಿಯರಿರುವ ಗುಂಪಿಗೆ ರುವಾಂಡಾ. ಇವೆರಡರ ನಡುವಿನ ದಾರಿಯೊಂದಿದೆ, ಬಹಳ ಜನಕ್ಕೆ ಹೊಂದುವಂಥದ್ದು: ಕಿಗಾಲಿಯಲ್ಲಿ ಇಳಿದು, ಸ್ಯಾನಿಕಾ ಗಡಿ ದಾಟಿ, ಕಿಸೋರೋ ಮೂಲಕ ಬ್ವಿಂಡಿಯ ದಕ್ಷಿಣ ಭಾಗ ಸೇರುವುದು. ಗಡಿಯ ಕಾಗದಪತ್ರ ಸೇರಿ ನಾಲ್ಕೈದು ಗಂಟೆ ಆಗುತ್ತದೆ. ಪರ್ಮಿಟ್ ಉಗಾಂಡಾದ ದರದ್ದು, ರಸ್ತೆ ಮಾತ್ರ ಅರ್ಧ. ಹೀಗೆ ಹೋಗುವವರು ಬಿಡಿ ವೀಸಾಗಳ ಬದಲು ಉಗಾಂಡಾ, ರುವಾಂಡಾ, ಕೀನ್ಯಾ ಮೂರಕ್ಕೂ ಸಲ್ಲುವ 100 ಡಾಲರ್‌ನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಮಾಡಿಸಬೇಕು. ಅದು 90 ದಿನ ನಡೆಯುತ್ತದೆ, ಮೂರು ದೇಶಗಳ ನಡುವೆ ಎಷ್ಟು ಸಲ ಬೇಕಾದರೂ ಓಡಾಡಬಹುದು. ಯಾವ ದೇಶಕ್ಕೆ ಮೊದಲು ಕಾಲಿಡುತ್ತೀರೋ ಆ ದೇಶದ ಜಾಲತಾಣದಲ್ಲೇ ಅರ್ಜಿ ಹಾಕಬೇಕು. ಕಿಗಾಲಿಯಲ್ಲಿ ಇಳಿಯುವವರು ಉಗಾಂಡಾಕ್ಕೆ ಅರ್ಜಿ ಹಾಕಿ ತೊಂದರೆಗೆ ಸಿಕ್ಕಿಕೊಳ್ಳುವುದುಂಟು. ಡ್ರೈವರನ್ನು ಗೊತ್ತುಮಾಡುವಾಗ ಗಡಿ ದಾಟುವ ವಾಹನ ವಿಮೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಗಡಿಯಲ್ಲಿ ಗಾಡಿ ಬದಲಿಸಬೇಕಾಗುತ್ತದೆ. ರುವಾಂಡಾದಲ್ಲಿ ರಸ್ತೆಯ ಬಲಬದಿ, ಉಗಾಂಡಾದಲ್ಲಿ ನಮ್ಮಂತೆ ಎಡಬದಿ. ಗಡಿಯನ್ನು ಹಗಲಲ್ಲೇ ದಾಟುವಂತೆ ನೋಡಿಕೊಳ್ಳಿ.

ಎರಡನೆಯ ಹೆಜ್ಜೆ: ತಿಂಗಳು

ಜೂನ್‌ನಿಂದ ಆಗಸ್ಟ್, ಮತ್ತೆ ಡಿಸೆಂಬರ್‌ನಿಂದ ಫೆಬ್ರವರಿ ಒಣ ಕಾಲ. ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಅಕ್ಟೋಬರ್–ನವೆಂಬರ್ ಸಣ್ಣ ಮಳೆ. ಒಣ ಕಾಲ ಎಂದರೆ ಮಳೆಯೇ ಇಲ್ಲ ಎಂದಲ್ಲ; ಮಳೆಕಾಡಿನಲ್ಲಿ ಯಾವ ತಿಂಗಳಲ್ಲೂ ಮಧ್ಯಾಹ್ನ ಒಂದು ಸುರಿತ ಬರಬಹುದು. ವ್ಯತ್ಯಾಸ ಇರುವುದು ರಸ್ತೆ ಮತ್ತು ಇಳಿಜಾರಿನಲ್ಲಿ. ಏಪ್ರಿಲ್‌ನಲ್ಲಿ ಬ್ವಿಂಡಿಯ ದಾರಿಗಳು ಕುಸಿಯುತ್ತವೆ, ಫೋರ್ ವೀಲ್ ಡ್ರೈವ್ ಗಾಡಿಯೂ ಹೂತುಕೊಳ್ಳುತ್ತದೆ. ಆ ತಿಂಗಳಲ್ಲಿ ಹೋಗುವುದಾದರೆ ಚಾರಣದ ಹಿಂದಿನ ದಿನ ಅಲ್ಲ, ಎರಡು ದಿನ ಮುಂಚೆಯೇ ಲಾಡ್ಜ್ ತಲುಪುವಂತಿರಲಿ.

ಮಳೆಗಾಲಕ್ಕೆ ಲಾಭವೂ ಉಂಟು. ಲಾಡ್ಜ್ ದರ ಇಳಿಯುತ್ತದೆ, ಪರ್ಮಿಟ್ ಸುಲಭ. ವಿರುಂಗಾದಲ್ಲಿ ಬಿದಿರು ಕಳಲೆ ಮೂಡುವ ಹೊತ್ತಿಗೆ ಗೊರಿಲ್ಲಾಗಳು ಅದನ್ನು ತಿನ್ನಲು ಕೆಳಗಿಳಿಯುವುದರಿಂದ ಎಷ್ಟೋ ಸಲ ನಡಿಗೆಯೂ ಕಡಿಮೆ. ಕರ್ನಾಟಕದ ಶಾಲಾ ರಜೆಯ ಏಪ್ರಿಲ್–ಮೇ ಸರಿಯಾಗಿ ದೊಡ್ಡ ಮಳೆಯ ಮೇಲೇ ಬೀಳುತ್ತದೆ; ಕುಟುಂಬ ಸಮೇತ ಹೊರಡುವವರು ಕ್ರಿಸ್ಮಸ್ ರಜೆಯನ್ನು ನೋಡುವುದು ಒಳ್ಳೆಯದು. ಆದರೆ 15 ತುಂಬದ ಮಕ್ಕಳನ್ನು ಎರಡೂ ದೇಶಗಳಲ್ಲಿ ಗೊರಿಲ್ಲಾ ಬಳಿಗೆ ಬಿಡುವುದಿಲ್ಲ. ಪಾಸ್‌ಪೋರ್ಟ್ ನೋಡಿಯೇ ಒಳಗೆ ಕಳಿಸುತ್ತಾರೆ, ಮಗು ಎತ್ತರವಾಗಿದ್ದರೆ ನಡೆಯುತ್ತದೆ ಎಂಬ ಭರವಸೆ ಬೇಡ.

ಮೂರನೆಯ ಹೆಜ್ಜೆ: ಪರ್ಮಿಟ್

ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಒಂದೇ ಗುಂಪು, ಗುಂಪಿನಲ್ಲಿ ಹೆಚ್ಚೆಂದರೆ ಎಂಟು ಜನ, ನೋಡಲು ಒಂದೇ ಗಂಟೆ. ಹಾಗಾಗಿ ಸೀಟುಗಳು ಎಣಿಕೆಯವು. ಜುಲೈ, ಆಗಸ್ಟ್‌ಗೆ ಆರು ತಿಂಗಳು ಮುಂಚೆ ಕಾದಿರಿಸಿ. ಮಳೆ ತಿಂಗಳಿಗೆ ಎರಡು ಮೂರು ತಿಂಗಳು ಸಾಕು. ರುವಾಂಡಾದಲ್ಲಿ ಪರ್ಮಿಟ್ ಕೊಡುವುದು ರುವಾಂಡಾ ಅಭಿವೃದ್ಧಿ ಮಂಡಳಿ. ಅದರ ಜಾಲತಾಣದಲ್ಲೇ ನೇರವಾಗಿ ಕೊಳ್ಳಬಹುದು. ಉಗಾಂಡಾದಲ್ಲಿ ಕೊಡುವುದು ಉಗಾಂಡಾ ವನ್ಯಜೀವಿ ಪ್ರಾಧಿಕಾರ. ಹೊರದೇಶದವರು ಸಾಮಾನ್ಯವಾಗಿ ಅಲ್ಲಿನ ಟೂರ್ ಆಪರೇಟರ್ ಮೂಲಕವೇ ಕೊಳ್ಳುತ್ತಾರೆ.

ಮೋಸ ಆಗುವುದು ಇಲ್ಲೇ. ನಿಗದಿ ದರಕ್ಕಿಂತ ಕಡಿಮೆಗೆ ಪರ್ಮಿಟ್ ಕೊಡಿಸುತ್ತೇನೆ ಎನ್ನುವವರನ್ನು ಅಲ್ಲಿಗೇ ಬಿಡಿ. ಅದು ಸರ್ಕಾರಿ ದರ, ಚೌಕಾಸಿ ಇಲ್ಲ. ಆಪರೇಟರ್‌ಗೆ ಉಗಾಂಡಾ ಪ್ರವಾಸೋದ್ಯಮ ಮಂಡಳಿಯ ಪರವಾನಗಿ ಇದೆಯೇ ಕೇಳಿ. ದೇಶದ ಟೂರ್ ಆಪರೇಟರ್‌ಗಳ ಸಂಘದ ಸದಸ್ಯರ ಪಟ್ಟಿಯಲ್ಲಿ ಹೆಸರಿದ್ದರೆ ಇನ್ನೂ ಒಳ್ಳೆಯದು. ಪರ್ಮಿಟ್ ಹಣವನ್ನು ಮೊದಲು, ಬೇರೆಯಾಗಿ ಕಟ್ಟಿ, ಪರ್ಮಿಟ್‌ನ ಪ್ರತಿ ಬಂದ ಮೇಲೆ ಉಳಿದ ಮುಂಗಡ ಕೊಡಿ. ಪ್ರತಿಯಲ್ಲಿ ನಾಲ್ಕು ಸಂಗತಿ ನೋಡಬೇಕು: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ವಲಯ. ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವುದರಲ್ಲಿ ಎಡವಟ್ಟು ಸಾಮಾನ್ಯ. ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ, ಇಲ್ಲದಿದ್ದರೆ ಪರ್ಮಿಟ್‌ನಲ್ಲಿ ಒಂದು ಸಂಖ್ಯೆ, ಕೈಯಲ್ಲಿ ಇನ್ನೊಂದು.

ರುವಾಂಡಾದಲ್ಲಿ ಪರ್ಮಿಟ್ ಇಡೀ ಉದ್ಯಾನಕ್ಕೆ. ಯಾವ ಕುಟುಂಬ ಎಂಬುದನ್ನು ಬೆಳಿಗ್ಗೆ ಏಳಕ್ಕೆ ಕಿನಿಗಿಯಲ್ಲಿ ನಿಮ್ಮ ವಯಸ್ಸು, ನಡೆಯುವ ಶಕ್ತಿ ನೋಡಿ ಹಂಚುತ್ತಾರೆ. ನಿಮ್ಮ ಗೈಡ್ ಅಲ್ಲಿ ಮಾತಾಡಿ ‘ಹತ್ತಿರದ್ದು ಬೇಕು’ ಎಂದು ಕೇಳಬಹುದು. ಹಿಂದಿನ ಸಂಜೆಯೇ ಅವರಿಗೆ ಹೇಳಿಟ್ಟಿರಿ. ಉಗಾಂಡಾದಲ್ಲಿ ಪರ್ಮಿಟ್ ವಲಯಕ್ಕೆ ಕಟ್ಟಿಹಾಕಿದ್ದು, ಗೇಟಿನಲ್ಲಿ ನಿಂತು ಬದಲಾಯಿಸಲು ಬರುವುದಿಲ್ಲ.

ಬ್ವಿಂಡಿಯ ನಾಲ್ಕು ವಲಯಗಳು

ಇದು ಇಡೀ ಯೋಜನೆಯ ಕೀಲಿ, ಹಾಗಾಗಿ ಸ್ವಲ್ಪ ವಿವರವಾಗಿ. ಬ್ವಿಂಡಿ 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1994ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ವಿಸ್ತೀರ್ಣ 321 ಚದರ ಕಿಲೋಮೀಟರ್ ಮಾತ್ರ, ಆದರೆ ಎತ್ತರ 1,160 ಮೀಟರಿನಿಂದ 2,607 ಮೀಟರ್‌ವರೆಗೆ ಏರಿಳಿಯುತ್ತದೆ. ನಕ್ಷೆಯಲ್ಲಿ ಬೆರಳಗಲ ಕಂಡ ದೂರ ನೆಲದ ಮೇಲೆ ಅರ್ಧ ದಿನ.

ಬುಹೋಮಾ ಉತ್ತರದಲ್ಲಿದೆ. ಗೊರಿಲ್ಲಾ ಪ್ರವಾಸ 1993ರಲ್ಲಿ ಶುರುವಾದದ್ದು ಇಲ್ಲಿಂದಲೇ, ಮುಬಾರೆ ಕುಟುಂಬದಿಂದ. ಉಳಿದವಕ್ಕಿಂತ ತಗ್ಗು, ಹವೆ ಹಿತ, ದಾರಿಗಳು ಹೋಲಿಕೆಯಲ್ಲಿ ಸುಲಭ. ಮೊದಲ ಸಲದವರಿಗೆ, ಐವತ್ತು ದಾಟಿದವರಿಗೆ ಇದನ್ನೇ ಹೇಳುತ್ತೇವೆ. ಎಲ್ಲ ದರದ ಲಾಡ್ಜ್‌ಗಳಿವೆ, ಒಳ್ಳೆಯ ಸಮುದಾಯ ಆಸ್ಪತ್ರೆಯೂ ಇದೆ. ಕ್ವೀನ್ ಎಲಿಜಬೆತ್ ಉದ್ಯಾನದಲ್ಲಿ ಸಫಾರಿ ಮುಗಿಸಿ ಬರುವವರಿಗೆ ದಾರಿಯಲ್ಲೇ ಸಿಗುತ್ತದೆ. ಕಿಗಾಲಿಯಿಂದ ಬರುವವರಿಗೆ ಮಾತ್ರ ಸುತ್ತು.

ರುಹಿಜಾ ಪೂರ್ವಕ್ಕೆ, ಎಲ್ಲಕ್ಕಿಂತ ಎತ್ತರ, ಸುಮಾರು 2,300 ಮೀಟರ್. ರಾತ್ರಿ ಹತ್ತು ಡಿಗ್ರಿಯವರೆಗೂ ಚಳಿ ಇಳಿಯುತ್ತದೆ. ಪಕ್ಷಿ ನೋಡುವವರಿಗೆ ಸ್ವರ್ಗ, ಲಾಡ್ಜ್ ಆಯ್ಕೆ ಕಡಿಮೆ. ಬುಹೋಮಾದಿಂದ ಇಲ್ಲಿಗೆ ಸುಮಾರು ಎರಡು ಗಂಟೆ ಗಾಡಿ ದಾರಿ.

ರುಶಾಗಾ ದಕ್ಷಿಣದಲ್ಲಿ. ಅತಿ ಹೆಚ್ಚು ಕುಟುಂಬಗಳು ಇರುವುದು ಇಲ್ಲಿ, ಹಾಗಾಗಿ ಬೇರೆಡೆ ತುಂಬಿದ ಮೇಲೂ ಇಲ್ಲಿ ಪರ್ಮಿಟ್ ಉಳಿದಿರುತ್ತದೆ. ಕಬಾಲೆಯಿಂದ ಎರಡು ಗಂಟೆ, ಕಿಸೋರೋದಿಂದ ಇನ್ನೂ ಹತ್ತಿರ. ಮನುಷ್ಯರಿಗೆ ಇನ್ನೂ ಪೂರ್ತಿ ಒಗ್ಗದ ಕುಟುಂಬದ ಜೊತೆ ನಾಲ್ಕು ಗಂಟೆ ಇರುವ ‘ಹ್ಯಾಬಿಚುಯೇಶನ್’ ಪರ್ಮಿಟ್ ಕೂಡ ಇಲ್ಲಿ ದೊರೆಯುತ್ತದೆ. ಗುಂಪಿಗೆ ನಾಲ್ಕೇ ಜನ, ದರ 1,800 ಡಾಲರ್. ಅದು ಛಾಯಾಗ್ರಾಹಕರಿಗೆ ಮತ್ತು ಗಟ್ಟಿ ಕಾಲಿನವರಿಗೆ. ಒಗ್ಗದ ಗೊರಿಲ್ಲಾಗಳು ನಿಲ್ಲದೆ ಸರಿಯುತ್ತಲೇ ಇರುತ್ತವೆ, ಹಿಂದೆ ನೀವೂ ಸರಿಯಬೇಕು. ಸಾಮಾನ್ಯ ಪ್ರವಾಸಿಗೆ ಆ ಹಣದಲ್ಲಿ ಎರಡು ದಿನ ಎರಡು ಬೇರೆ ಕುಟುಂಬಗಳನ್ನು ನೋಡುವುದೇ ಲಾಭ.

ನ್ಕುರಿಂಗೋ ನೈಋತ್ಯದ ಏಣಿನ ಮೇಲಿದೆ. ವಿರುಂಗಾ ಜ್ವಾಲಾಮುಖಿಗಳು ಸಾಲಾಗಿ ಕಾಣುವ ನೋಟಕ್ಕೆ ಸಾಟಿಯಿಲ್ಲ. ಆದರೆ ಗ್ರಾಮ ಮೇಲಿದೆ, ಕಾಡು ಕಣಿವೆಯಲ್ಲಿದೆ. ಬೆಳಿಗ್ಗೆ ಸಲೀಸಾಗಿ ಇಳಿದದ್ದನ್ನು ದಣಿದ ಮೇಲೆ ಹತ್ತಬೇಕು. ಮೊಣಕಾಲು ನೋವಿದ್ದವರು ಲಾಡ್ಜ್‌ನ ಫೋಟೋಗೆ ಮರುಳಾಗಿ ಇಲ್ಲಿ ಪರ್ಮಿಟ್ ತೆಗೆದುಕೊಳ್ಳಬಾರದು.

ಉಗಾಂಡಾದ ಇನ್ನೊಂದು ಪುಟ್ಟ ಉದ್ಯಾನ, ಕಿಸೋರೋ ಪಕ್ಕದ ಮ್ಗಾಹಿಂಗಾ. ಅಲ್ಲಿ ಪ್ರವಾಸಿಗರಿಗೆ ತೆರೆದಿರುವುದು ನ್ಯಕಗೇಜಿ ಎಂಬ ಒಂದೇ ಕುಟುಂಬ, ಅದಕ್ಕೆ ದೇಶದ ಗಡಿಗಳ ಲೆಕ್ಕವಿಲ್ಲ. ಚಿನ್ನದ ಬಣ್ಣದ ಗೋಲ್ಡನ್ ಮಂಕಿಗಳಿಗಾಗಿ ಹೋಗುವವರಿಗೆ ಒಳ್ಳೆಯ ಜಾಗ.

ನಾಲ್ಕನೆಯ ಹೆಜ್ಜೆ: ಲಾಡ್ಜ್

ಈಗ ಗೇಟು ಗೊತ್ತಾಗಿದೆ. ಲಾಡ್ಜ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಪರ್ಮಿಟ್‌ನಲ್ಲಿರುವ ವಲಯದ ಜಮಾವಣೆ ಜಾಗಕ್ಕೆ ಗಾಡಿಯಲ್ಲಿ ಎಷ್ಟು ನಿಮಿಷ? ಕಿಲೋಮೀಟರ್ ಕೇಳಬೇಡಿ, ಅಲ್ಲಿ ಅದಕ್ಕೆ ಅರ್ಥವಿಲ್ಲ. ನಲವತ್ತೈದು ನಿಮಿಷದ ಒಳಗಿದ್ದರೆ ಸರಿ. ‘ಬ್ವಿಂಡಿ’ ಎಂದು ಹೆಸರಲ್ಲಿ ಇದ್ದ ಮಾತ್ರಕ್ಕೆ ಲಾಡ್ಜ್ ನಿಮ್ಮ ಗೇಟಿನ ಹತ್ತಿರ ಇರಬೇಕೆಂದಿಲ್ಲ. ಬುಹೋಮಾದಲ್ಲಿ ಮಲಗಿ ರುಶಾಗಾದ ಪರ್ಮಿಟ್ ಹಿಡಿದವರು ನಸುಕಿನ ಮೂರು ಗಂಟೆಗೆ ಹೊರಡಬೇಕಾಗುತ್ತದೆ, ದಾರಿಯಲ್ಲೊಂದು ಲಾರಿ ಹೂತುಕೊಂಡಿದ್ದರೆ ಅಲ್ಲಿಗೆ ಮುಗಿಯಿತು. ರುವಾಂಡಾದಲ್ಲೂ ‘ಕಿಗಾಲಿಯಿಂದಲೇ ಬೆಳಿಗ್ಗೆ ನಾಲ್ಕಕ್ಕೆ ಹೊರಟು ಒಂದು ರಾತ್ರಿಯ ಬಾಡಿಗೆ ಉಳಿಸಬಹುದು’ ಎಂಬ ಸಲಹೆ ಚಾಲ್ತಿಯಲ್ಲಿದೆ. ಮಾಡಲು ಬರುತ್ತದೆ, ಆದರೆ 1,500 ಡಾಲರ್ ಪಣಕ್ಕಿಟ್ಟು ಉಳಿಸುವ ಹಣ ಅದಲ್ಲ. ಮುಸಾಂಜೆ ಪಟ್ಟಣದಲ್ಲಿ ಸಾಧಾರಣ ದರದ ಗೆಸ್ಟ್‌ಹೌಸ್‌ಗಳು ಬೇಕಾದಷ್ಟಿವೆ, ಅಲ್ಲಿಂದ ಕಿನಿಗಿಗೆ ಅರ್ಧ ಗಂಟೆ.

ದರದ ಅಂದಾಜು ಹೀಗಿದೆ. ಬ್ವಿಂಡಿಯ ಸುತ್ತ ಊಟ ಸೇರಿ ಒಬ್ಬರಿಗೆ ರಾತ್ರಿಗೆ ನೂರು ಡಾಲರ್ ಒಳಗೆ ಸರಳ, ಶುಚಿ ಕೋಣೆ ಸಿಗುತ್ತದೆ. ಬುಹೋಮಾ ಕಮ್ಯುನಿಟಿ ರೆಸ್ಟ್ ಕ್ಯಾಂಪ್ ಈ ಬಗೆಯದು, ಗೇಟಿನ ಪಕ್ಕದಲ್ಲೇ ಇದೆ. ನೂರೈವತ್ತರಿಂದ ಮುನ್ನೂರರ ನಡುವೆ ಬಿಸಿನೀರು, ಬೆಂಕಿಗೂಡು, ಒಳ್ಳೆಯ ಊಟ, ಬಾಲ್ಕನಿ ಎಲ್ಲ ಬರುತ್ತವೆ. ಹೆಚ್ಚಿನವರಿಗೆ ಇಷ್ಟು ಸಾಕು. ಅದರ ಮೇಲೆ ಐನೂರು, ಸಾವಿರ ಎಂದು ಏರುತ್ತಾ ಹೋಗುತ್ತದೆ: ಬುಹೋಮಾದಲ್ಲಿ ಕಾಡಿನ ಒಳಗೇ ಇರುವ ಗೊರಿಲ್ಲಾ ಫಾರೆಸ್ಟ್ ಲಾಡ್ಜ್ (ಹಿಂದೆ ಗೊರಿಲ್ಲಾ ಫಾರೆಸ್ಟ್ ಕ್ಯಾಂಪ್), ನ್ಕುರಿಂಗೋದಲ್ಲಿ ಕ್ಲೌಡ್ಸ್. ರುವಾಂಡಾದ ಬಿಸಾಟೆ, ಸಿಂಗೀತಾ ಕ್ವಿಟೊಂಡಾದಂಥವು ಇನ್ನೂ ಮೇಲೆ. ಅಲ್ಲಿನ ಒಂದು ರಾತ್ರಿಯ ಬಾಡಿಗೆ ಪರ್ಮಿಟ್‌ಗಿಂತಲೂ ಹೆಚ್ಚಾಗಬಹುದು. ದುಬಾರಿ ಲಾಡ್ಜ್‌ನವರಿಗೆ ಹತ್ತಿರದ ಗೊರಿಲ್ಲಾ ಕುಟುಂಬ ಕೊಡುತ್ತಾರೆ ಎಂಬುದು ಬರೀ ಮಾತು. ಗೊರಿಲ್ಲಾಗಳು ಲಾಡ್ಜ್ ಅಂಗಳಕ್ಕೆ ಬಂದ ವಿಡಿಯೋಗಳು ನಿಜ, ಬುಹೋಮಾದಲ್ಲಿ ಆಗಾಗ ಬರುತ್ತವೆ. ಆದರೆ ಅದನ್ನು ನಂಬಿ ಲಾಡ್ಜ್ ಆರಿಸುವುದು ಲಾಟರಿ ನಂಬಿ ಸಾಲ ಮಾಡಿದಂತೆ.

ಕೋಣೆ ಕಾದಿರಿಸುವ ಮುನ್ನ ಪತ್ರದಲ್ಲಿ ಕೇಳಿ ಉತ್ತರ ಪಡೆಯಬೇಕಾದವು:

– ಕೋಣೆಯಿಂದ ಊಟದ ಮನೆಗೆ ಎಷ್ಟು ಮೆಟ್ಟಿಲು? ಹೆಚ್ಚಿನ ಲಾಡ್ಜ್‌ಗಳು ಗುಡ್ಡದ ಇಳಿಜಾರಿನಲ್ಲಿವೆ. ನೂರು ಮೆಟ್ಟಿಲು ಅಪರೂಪವಲ್ಲ, ಚಾರಣದ ಸಂಜೆ ಅವು ಇನ್ನೂರಾಗುತ್ತವೆ.
– ಬಿಸಿನೀರು ಸದಾ ಬರುತ್ತದೆಯೋ, ಹೇಳಿದಾಗ ಬಕೆಟ್‌ನಲ್ಲಿ ತಂದು ತುಂಬುತ್ತಾರೋ? ಎರಡೂ ಸರಿಯೇ, ಗೊತ್ತಿರಬೇಕು ಅಷ್ಟೇ.
– ಕರೆಂಟು ಸೋಲಾರೋ, ಜನರೇಟರೋ, ಎಷ್ಟು ಹೊತ್ತು? ಕೋಣೆಯಲ್ಲಿ ಚಾರ್ಜ್ ಮಾಡಬಹುದೇ?
– ಒದ್ದೆ ಬಟ್ಟೆ, ಬೂಟು ಒಣಗಿಸಿ ಕೊಡುತ್ತಾರೆಯೇ? ಎರಡು ದಿನ ಚಾರಣ ಮಾಡುವವರಿಗೆ ಇದು ಮುಖ್ಯ.
– ದರದಲ್ಲಿ ಚಾರಣದ ಬುತ್ತಿ, ಕುಡಿಯುವ ನೀರು, ಡ್ರೈವರ್‌ನ ಊಟ-ವಸತಿ ಸೇರಿವೆಯೇ? ಡ್ರೈವರ್ ಖರ್ಚು ಕೊನೆಗೆ ಬಿಲ್ಲಿನಲ್ಲಿ ಎದ್ದು ಬರುವುದುಂಟು.
– ಪರ್ಮಿಟ್ ದಿನಾಂಕ ಬದಲಾದರೆ ಮುಂಗಡದ ಗತಿ ಏನು?

ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟವಿಲ್ಲ, ಹೇಳುವ ರೀತಿ ಸರಿಯಿರಬೇಕು. ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಮೀನೋ ಕೋಳಿಯ ಸಾರೋ ಬರಬಹುದು. ‘ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದೂ ಬೇಡ, ಹಾಲು, ಮೊಸರು ಆಗುತ್ತದೆ’ ಎಂದು ಬಿಡಿಸಿ ಬರೆಯಿರಿ, ಬುತ್ತಿಗೂ ಇದೇ ಅನ್ವಯಿಸುತ್ತದೆ ಎಂದು ಸೇರಿಸಿ. ಬೇಯಿಸಿದ ಬಾಳೆಕಾಯಿಯ ಮಟೋಕೆ, ಹುರುಳಿಕಾಯಿ ಬೀಜದ ಸಾರು, ಕಡಲೆಕಾಯಿ ಗೊಜ್ಜು, ಮೆಕ್ಕೆಜೋಳದ ಮುದ್ದೆಯಂಥ ಪೋಶೋ, ಚಪಾತಿ ಎಲ್ಲ ಕಡೆ ಇವೆ. ಉಗಾಂಡಾದ ‘ರೋಲೆಕ್ಸ್’ ಎಂದರೆ ಮೊಟ್ಟೆ ಸುತ್ತಿದ ಚಪಾತಿ, ಗೊತ್ತಿರಲಿ. ಚಟ್ನಿಪುಡಿ, ಅವಲಕ್ಕಿ ಒಯ್ಯುವವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ರುವಾಂಡಾದಲ್ಲಿ 2008ರಿಂದ ಪ್ಲಾಸ್ಟಿಕ್ ಚೀಲ ನಿಷೇಧ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಬಟ್ಟೆ ಚೀಲ ಇಲ್ಲವೇ ಸ್ಟೀಲ್ ಡಬ್ಬಿ ಒಳ್ಳೆಯದು.

ಐದನೆಯ ಹೆಜ್ಜೆ: ವಿಮಾನ, ಲಸಿಕೆ, ಹಣ

ಬೆಂಗಳೂರಿನಿಂದ ಎಂಟೆಬೆಗೂ ಕಿಗಾಲಿಗೂ ನೇರ ವಿಮಾನವಿಲ್ಲ. ದೋಹಾ, ದುಬೈಯಂಥ ಕಡೆ ಬದಲಿಸಬೇಕು. ಮುಂಬೈಯಿಂದ ಎಂಟೆಬೆಗೆ ಉಗಾಂಡಾ ಏರ್‌ಲೈನ್ಸ್ 2023ರ ಅಕ್ಟೋಬರ್‌ನಲ್ಲಿ ನೇರ ಹಾರಾಟ ಶುರುಮಾಡಿತು. ವಾರದ ಯಾವ ದಿನ ಇದೆ ಎಂದು ನೋಡಿಕೊಂಡು ಪರ್ಮಿಟ್‌ಗೆ ಹೊಂದಿಸಿ. ಇಳಿದ ದಿನವೇ ಬ್ವಿಂಡಿಗೆ ಹೊರಡುವ ಸಾಹಸ ಬೇಡ. ಎಂಟೆಬೆ ದಾರಿಯವರಿಗೆ ಕನಿಷ್ಠ ಲೆಕ್ಕ ಹೀಗೆ: ಮೊದಲ ರಾತ್ರಿ ಎಂಟೆಬೆ, ಎರಡನೆಯ ದಿನ ಮಸಾಕಾ, ಎಂಬರಾರಾ ಮೂಲಕ ರಸ್ತೆ, ಮೂರನೆಯ ದಿನ ಚಾರಣ, ಅಲ್ಲೇ ವಾಸ್ತವ್ಯ, ನಾಲ್ಕನೆಯ ದಿನ ಬುನ್ಯೋನಿ ಸರೋವರದ ಬಳಿ ವಿಶ್ರಾಂತಿ, ಐದನೆಯ ದಿನ ವಾಪಸ್. ಚಾರಣದ ಸಂಜೆಯೇ ಎಂಟೆಬೆಗೆ ಮರಳುವ ಯೋಜನೆ ಹಾಕಬೇಡಿ. ಕಾಡಿನಿಂದ ಹೊರಬರುವ ಹೊತ್ತು ಮಧ್ಯಾಹ್ನ ಹನ್ನೆರಡೂ ಆಗಬಹುದು, ಸಂಜೆ ಐದೂ ಆಗಬಹುದು.

ರಸ್ತೆ ಬೇಡವೆಂದರೆ ಸಣ್ಣ ವಿಮಾನಗಳಿವೆ. ಬುಹೋಮಾಗೆ ಕಿಹೀಹೀ ಏರ್‌ಸ್ಟ್ರಿಪ್, ರುಶಾಗಾ-ನ್ಕುರಿಂಗೋಗೆ ಕಿಸೋರೋ. ಸಾಮಾನು 15 ಕಿಲೋ ಮಾತ್ರ, ಅದೂ ಮೆತ್ತನೆ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಎಂಟೆಬೆ ಹೋಟೆಲಿನಲ್ಲಿ ಬಿಟ್ಟುಹೋಗಿ.

ಹಳದಿ ಜ್ವರದ ಲಸಿಕೆಯನ್ನು ಲಘುವಾಗಿ ಕಾಣಬೇಡಿ. ಉಗಾಂಡಾ ಒಳಗೆ ಬಿಡಲು ಅದರ ಪ್ರಮಾಣಪತ್ರ ಕೇಳುತ್ತದೆ. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಭಾರತದ ಆರೋಗ್ಯ ಅಧಿಕಾರಿಗಳಿಗಿದೆ. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ದಿನ ಮೊದಲೇ ಗೊತ್ತುಮಾಡಬೇಕು; ಆರು ವಾರ ಮುಂಚೆ ವಿಚಾರಿಸಿ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಮಲೇರಿಯಾ ಮಾತ್ರೆಯ ವಿಷಯವನ್ನೂ ಅವರ ಬಳಿಯೇ ಕೇಳಿ.

ಡಾಲರ್ ನೋಟು ಹೊಸದಿರಲಿ. 2009ಕ್ಕಿಂತ ಹಿಂದಿನ ನೋಟು, ಹರಿದದ್ದು, ಪೆನ್ನಿನ ಗೀಟು ಬಿದ್ದದ್ದು ಉಗಾಂಡಾದಲ್ಲಿ ನಡೆಯದು. ಸಣ್ಣ ನೋಟಿಗೆ ವಿನಿಮಯ ದರವೂ ಕಡಿಮೆ. ಕಾಡಿನ ಬಳಿ ಎಟಿಎಂ ಸಿಗುವುದಿಲ್ಲ; ಕಬಾಲೆ, ಕಿಸೋರೋ, ಕಿಹೀಹೀ ಪಟ್ಟಣಗಳಲ್ಲಿ ಶಿಲ್ಲಿಂಗ್ ತೆಗೆದಿಟ್ಟುಕೊಳ್ಳಿ. ಉಗಾಂಡಾದ ಪ್ಲಗ್ ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಬಗೆಯದು, ಅಡಾಪ್ಟರ್ ಬೇಕು.

ಆರನೆಯ ಹೆಜ್ಜೆ: ಕಾಲು ಮತ್ತು ಚೀಲ

ನಡಿಗೆ ಅರ್ಧ ಗಂಟೆಯೂ ಆಗಬಹುದು, ಆರೇಳು ಗಂಟೆಯೂ ಆಗಬಹುದು. ಟ್ರ್ಯಾಕರ್‌ಗಳು ನಸುಕಿನಲ್ಲೇ ಹೋಗಿ ಹಿಂದಿನ ರಾತ್ರಿಯ ಗೂಡುಗಳಿಂದ ಜಾಡು ಹಿಡಿದು ವಾಕಿಟಾಕಿಯಲ್ಲಿ ತಿಳಿಸುತ್ತಾರೆ. ಕುಟುಂಬ ಎತ್ತ ಸರಿದಿದೆಯೋ ಅತ್ತ ನೀವು. ಕೊನೆಯ ಭಾಗಕ್ಕೆ ದಾರಿಯೇ ಇರುವುದಿಲ್ಲ, ರೇಂಜರ್ ಮಚ್ಚಿನಿಂದ ಬಳ್ಳಿ ಕಡಿದು ಬಿಡಿಸಿದ್ದೇ ದಾರಿ. ಕುಮಾರ ಪರ್ವತವನ್ನು ಒಂದು ದಿನದಲ್ಲಿ ಹತ್ತಿ ಇಳಿದು ಮಾರನೆಯ ದಿನ ಸರಾಗ ನಡೆಯಬಲ್ಲವರಿಗೆ ಯಾವ ವಲಯವೂ ಕಷ್ಟವಲ್ಲ. ಅಷ್ಟು ಅಭ್ಯಾಸವಿಲ್ಲದವರು ಎರಡು ತಿಂಗಳು ಮುಂಚಿನಿಂದ ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಲಿ. ಇಳಿಯುವುದನ್ನು ಮರೆಯಬೇಡಿ, ತೊಡೆ ನಡುಗುವುದು ಇಳಿಜಾರಿನಲ್ಲೇ.

ಪಾದದ ಗಂಟು ಮುಚ್ಚುವ, ಮೊದಲೇ ಹಾಕಿ ಪಳಗಿಸಿದ ಬೂಟು ಬೇಕು. ಹೊಸ ಬೂಟು ಅಲ್ಲಿ ಮೊದಲ ಸಲ ಹಾಕಿದರೆ ಒಂದೇ ಗಂಟೆಯಲ್ಲಿ ಬೊಕ್ಕೆ. ಪ್ಯಾಂಟ್ ಉದ್ದದ್ದು, ದಪ್ಪ ಬಟ್ಟೆಯದ್ದು. ಅದರ ಅಂಚನ್ನು ಉದ್ದ ಕಾಲುಚೀಲದೊಳಗೆ ತುರುಕಿ. ಪಶ್ಚಿಮ ಘಟ್ಟದಲ್ಲಿ ಇಂಬಳಕ್ಕೆ ಹೀಗೆ ಮಾಡುತ್ತೇವೆ, ಇಲ್ಲಿ ಸಫಾರಿ ಇರುವೆಗಳಿಗೆ. ಅವುಗಳ ಸಾಲು ಕಂಡರೆ ದಾಟಿಬಿಡಿ, ಮೇಲೆ ನಿಂತು ಫೋಟೋ ತೆಗೆಯಬೇಡಿ. ತುರಿಕೆ ಗಿಡ ಎಲ್ಲೆಲ್ಲೂ ಇದೆ, ತೆಳು ಬಟ್ಟೆಯ ಮೂಲಕವೂ ಚುಚ್ಚುತ್ತದೆ. ಜಾರಿದಾಗ ಕೈ ಮೊದಲು ಹಿಡಿಯುವುದು ಅದನ್ನೇ, ಹಾಗಾಗಿ ತೋಟದ ಕೆಲಸದ ದಪ್ಪ ಕೈಗವಸು ಬೇಕೇ ಬೇಕು. ಜೊತೆಗೆ ಮಳೆ ಜಾಕೆಟ್, ಎರಡು ಲೀಟರ್ ನೀರು, ಬುತ್ತಿ, ಒಂದು ಜೊತೆ ಹೆಚ್ಚಿನ ಕಾಲುಚೀಲ, ಮೂರು ನಾಲ್ಕು ಮಾಸ್ಕ್, ಪಾಸ್‌ಪೋರ್ಟ್. ಬಣ್ಣ ಮಾಸಲು ಹಸಿರು, ಕಂದು ಇದ್ದರೆ ಒಳ್ಳೆಯದು. ಮಿಲಿಟರಿ ಚಿತ್ತಾರದ ಬಟ್ಟೆ ಮಾತ್ರ ಬೇಡ, ಉಗಾಂಡಾದಲ್ಲಿ ಸಾಮಾನ್ಯರು ಅದನ್ನು ತೊಡುವುದು ಅಪರಾಧ.

ಗೇಟಿನಲ್ಲಿ ಪೋರ್ಟರ್ ತೆಗೆದುಕೊಳ್ಳಿ, ಚೀಲ ಹಗುರವಿದ್ದರೂ. ಸುಮಾರು 20 ಡಾಲರ್. ಚೀಲ ಹೊರುವುದು ಅವರ ಕೆಲಸದ ಅರ್ಧ ಭಾಗ, ಉಳಿದರ್ಧ ನಿಮ್ಮನ್ನು ಏರಿನಲ್ಲಿ ಎಳೆಯುವುದು, ಇಳಿಜಾರಿನಲ್ಲಿ ತಡೆಯುವುದು. ಆ ಹಣ ನೇರ ಕಾಡಂಚಿನ ಮನೆಗಳಿಗೆ ಹೋಗುತ್ತದೆ. ಕಾಡಿನಿಂದ ಏನಾದರೂ ಆದಾಯ ಕಂಡ ಮನೆಯವರು ಉರುಳು ಹಾಕುವುದು ಕಡಿಮೆ. ನಡೆಯಲು ಆಗದವರನ್ನು ಕುರ್ಚಿಯಲ್ಲಿ ಹೊತ್ತೊಯ್ಯುವ ತಂಡಗಳೂ ಇವೆ; ಕೆಲವು ನೂರು ಡಾಲರ್ ಆಗುತ್ತದೆ, ಹಿಂದಿನ ದಿನವೇ ಹೇಳಬೇಕು.

ಏಳನೆಯ ಹೆಜ್ಜೆ: ಆ ಒಂದು ಗಂಟೆ

ನೆಗಡಿ, ಕೆಮ್ಮು, ಜ್ವರ ಇದ್ದವರನ್ನು ಒಳಗೆ ಬಿಡುವುದಿಲ್ಲ. ಇದು ಬರೀ ಶಿಷ್ಟಾಚಾರವಲ್ಲ. ಗೊರಿಲ್ಲಾಗಳಿಗೆ ನಮ್ಮ ಉಸಿರಾಟದ ಸೋಂಕುಗಳು ತಗಲುತ್ತವೆ, ಅವು ಅವಕ್ಕೆ ಮಾರಕವಾಗಬಲ್ಲವು. 1996ರಲ್ಲಿ ಬ್ವಿಂಡಿಯ ಒಂದು ಕುಟುಂಬಕ್ಕೆ ತುರಿ ಕಜ್ಜಿ ಹಬ್ಬಿತು. ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಜಿಕುಸೋಕಾ ಅದರ ಮೂಲವನ್ನು ಹುಡುಕುತ್ತಾ ತಲುಪಿದ್ದು ಕಾಡಂಚಿನ ಜನವಸತಿಗಳಿಗೆ. ಹಾಗಾಗಿ ವಿಮಾನದಲ್ಲೂ ಮಾಸ್ಕ್ ಹಾಕಿಕೊಂಡು ಬನ್ನಿ, ಎರಡು ದಿನ ಮುಂಚಿನಿಂದ ಜನಜಂಗುಳಿ ತಪ್ಪಿಸಿ. ಕಾಯಿಲೆಯನ್ನು ನೀವಾಗಿಯೇ ಹೇಳಿಕೊಂಡರೆ ಹಣದ ಒಂದು ಭಾಗ ವಾಪಸ್ ಬರುವ ಪದ್ಧತಿ ಉಗಾಂಡಾದಲ್ಲಿದೆ; ಈಗಿನ ನಿಯಮವನ್ನು ಪರ್ಮಿಟ್ ಕೊಳ್ಳುವಾಗಲೇ ಬರಹದಲ್ಲಿ ಪಡೆಯಿರಿ.

ಗೊರಿಲ್ಲಾಗಳು ಇನ್ನೂರು ಮೀಟರ್ ದೂರ ಇರುವಾಗ ಕೋಲು, ಚೀಲ, ತಿಂಡಿ ಎಲ್ಲ ಪೋರ್ಟರ್‌ಗಳ ಬಳಿ ಬಿಟ್ಟು, ಮಾಸ್ಕ್ ಹಾಕಿ, ಕ್ಯಾಮೆರಾ ಮಾತ್ರ ಹಿಡಿದು ಮುಂದೆ ಹೋಗಬೇಕು. ಹತ್ತು ಮೀಟರ್ ಅಂತರ ನಿಯಮ. ಮರಿಗಳಿಗೆ ನಿಯಮ ಗೊತ್ತಿಲ್ಲ. ಅವು ಹತ್ತಿರ ಬಂದರೆ ನೀವು ನಿಧಾನವಾಗಿ ಹಿಂದೆ ಸರಿಯಿರಿ, ಕೈ ಚಾಚಬೇಡಿ. ಸಿಲ್ವರ್‌ಬ್ಯಾಕ್, ಅಂದರೆ ಬೆನ್ನಿನ ಕೂದಲು ಬೆಳ್ಳಿಬಣ್ಣಕ್ಕೆ ತಿರುಗಿದ ಬಲಿತ ಗಂಡು, ನುಗ್ಗಿ ಬಂದರೆ ಓಡಬಾರದು. ತಗ್ಗಿ ಕುಳಿತು, ಕಣ್ಣು ಕೆಳಗೆ ಮಾಡಿ, ರೇಂಜರ್ ಹೇಳಿದಂತೆ ಕೇಳಿ. ಹೆಚ್ಚೂಕಡಿಮೆ ಯಾವಾಗಲೂ ಅದು ಬರೀ ಗದರಿಕೆ, ಓಡಿದರೆ ಮಾತ್ರ ಬೆನ್ನಟ್ಟುತ್ತದೆ. ಶೌಚಕ್ಕೆ ಹೋಗಲೇಬೇಕಾದರೆ ರೇಂಜರ್‌ಗೆ ಹೇಳಿ. ಒಂದು ಅಡಿ ಆಳದ ಗುಂಡಿ ತೋಡಿ ಕೊಟ್ಟು ಆಮೇಲೆ ಮುಚ್ಚುತ್ತಾರೆ. ಅದೂ ರೋಗದ ಕಾರಣಕ್ಕೇ.

ಫ್ಲ್ಯಾಶ್ ನಿಷಿದ್ಧ, ಫೋನಿನಲ್ಲೂ ಅದನ್ನು ಮುಂಚೆಯೇ ಆರಿಸಿಡಿ. ಬ್ವಿಂಡಿಯ ಕತ್ತಲೆಗೆ ಐಎಸ್‌ಒ 1600ರಿಂದ 6400 ಬೇಕಾಗುತ್ತದೆ, 70–200 ಎಂಎಂ ಲೆನ್ಸ್ ಧಾರಾಳ ಸಾಕು. ಕಪ್ಪು ಮೈ ಕ್ಯಾಮೆರಾದ ಮೀಟರನ್ನು ಮೋಸಗೊಳಿಸಿ ಚಿತ್ರವನ್ನು ಬೂದುಬೂದಾಗಿ ಮಾಡುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ. ಇಡೀ ಗಂಟೆ ಪರದೆಯಲ್ಲೇ ನೋಡಿ ಮುಗಿಸಬೇಡಿ.

ಕಾಡಿನಿಂದ ಹೊರಬಂದ ಮೇಲೆ ರೇಂಜರ್ ಮತ್ತು ಟ್ರ್ಯಾಕರ್‌ಗಳಿಗೆ ಸೇರಿಸಿ ತಲಾ ಹತ್ತಿಪ್ಪತ್ತು ಡಾಲರ್ ಭಕ್ಷೀಸು ವಾಡಿಕೆ. ಪೋರ್ಟರ್‌ಗೆ ಕೂಲಿಯ ಮೇಲೆ ಸ್ವಲ್ಪ, ಅವರ ಕೈಗೇ. ಬೂಟಿನ ಮಣ್ಣನ್ನು ಲಾಡ್ಜ್‌ನಲ್ಲೇ ತೊಳೆಸಿ ಒಣಗಿಸಿಕೊಳ್ಳಿ. ಹಳದಿ ಜ್ವರದ ಪತ್ರವನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿಡಿ. ಬೆಂಗಳೂರಿನಲ್ಲಿ ಇಳಿದಾಗ ವಲಸೆ ಕೌಂಟರಿಗೂ ಮೊದಲೇ ಅದನ್ನು ಕೇಳುತ್ತಾರೆ. ಮಲೇರಿಯಾ ಮಾತ್ರೆಯನ್ನು ಊರಿಗೆ ಬಂದೊಡನೆ ನಿಲ್ಲಿಸಬಾರದು: ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಇನ್ನೂ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಮುಂದಿನ ಕೆಲವು ತಿಂಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಉಗಾಂಡಾಕ್ಕೆ ಹೋಗಿಬಂದ ವಿಷಯವನ್ನು.